ಆಯುಷ್ಮಾನ್ ಯೋಜನೆಗಾಗಿ ನನ್ನ ವೃತ್ತಿ ದಾಖಲೆಗಳನ್ನು ಸರಿಪಡಿಸಿಕೊಂಡ ಬಗೆ

ನಾನು ಎಂ.ಬಿ.ಬಿ.ಎಸ್. ಓದಿದ್ದು ಕರ್ನಾಟಕದಲ್ಲಿ, ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಿದ್ದು ಹೊರರಾಜ್ಯದಲ್ಲಿ. ಮರಳಿ ಬಂದು ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಗೆ ಫಿಜಿಷಿಯನ್ ಆಗಿ ಸೇರಿದಾಗ, ಪದವಿ ಪ್ರಮಾಣಪತ್ರ ಕೈಯಲ್ಲಿದ್ದರೆ ಸಾಕೆಂದು ನಂಬಿದ್ದೆ. ಆಸ್ಪತ್ರೆಯು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಅರ್ಜಿ ಹಾಕಿದಾಗ, ಮೆಡಿಸಿನ್ ವಿಭಾಗಕ್ಕೆ ತೋರಿಸಿದ್ದ ಏಕೈಕ ತಜ್ಞನಾದ ನನ್ನ ಹೆಸರಿನ ಮೇಲೆಯೇ ಆಕ್ಷೇಪಣೆ ಬಂತು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ನಾನಿನ್ನೂ ಎಂ.ಬಿ.ಬಿ.ಎಸ್. ವೈದ್ಯ ಮಾತ್ರವಾಗಿದ್ದೆ.

ಈ ಯೋಜನೆಗೆ ಸೇರುವುದು ಆಸ್ಪತ್ರೆಯೇ ಹೊರತು ವೈದ್ಯನಲ್ಲ. ಆದರೆ ಯಾವ ವಿಭಾಗದಲ್ಲಿ ಚಿಕಿತ್ಸೆ ನೀಡಬಹುದು ಎಂಬುದು ಅಲ್ಲಿರುವ ತಜ್ಞರ ಅರ್ಹತೆಯನ್ನು ಅವಲಂಬಿಸಿದೆ. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಒಂದಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ದೊರೆಯುತ್ತದೆ. ತುರ್ತು ಸ್ಥಿತಿಯ ಹೊರತು ರೋಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದೊಂದಿಗೇ ನಮ್ಮಲ್ಲಿಗೆ ಬರಬೇಕು. ಹಾಗೆ ಪತ್ರ ಹಿಡಿದು ಬಂದವರನ್ನು, ನನ್ನ ಕಾಗದ ಅಪೂರ್ಣವಾಗಿದ್ದ ಕಾರಣಕ್ಕೆ, ಬೇರೆಡೆಗೆ ಕಳುಹಿಸಬೇಕಾಗಿ ಬಂದ ಆ ವಾರಗಳು ನನ್ನನ್ನು ಬಹಳ ನೋಯಿಸಿದವು. ಅವರಲ್ಲಿ ಹಲವರು ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದವರಾಗಿದ್ದರು.

ಎಂ.ಡಿ. ಪದವಿಯನ್ನು ಹೆಚ್ಚುವರಿ ಅರ್ಹತೆಯಾಗಿ ಪರಿಷತ್ತಿನಲ್ಲಿ ದಾಖಲಿಸಲು ಅರ್ಜಿ ಸಿದ್ಧಪಡಿಸುವಾಗ ನಿಜವಾದ ತೊಡಕು ಗೋಚರಿಸಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು ಇದ್ದವು, ಎಂ.ಡಿ. ಪ್ರಮಾಣಪತ್ರದಲ್ಲಿ ತಂದೆಯ ಪೂರ್ಣ ಹೆಸರು ಕೊನೆಗೆ ಸೇರಿತ್ತು. ಆಧಾರ್‌ನಲ್ಲಿ ಇನಿಷಿಯಲ್‌ಗಳೇ ಇರಲಿಲ್ಲ. ನಮ್ಮ ಕಡೆಯ ಹೆಸರಿನ ಪದ್ಧತಿಯಲ್ಲಿ ಇದು ತೀರ ಸಾಮಾನ್ಯ ಸಂಗತಿಯಾದರೂ, ದಾಖಲೆಗಳನ್ನು ಪರಸ್ಪರ ಹೋಲಿಸಿ ನೋಡುವವರಿಗೆ ಅಲ್ಲಿ ಕಾಣುವುದು ಮೂವರು ಬೇರೆ ಬೇರೆ ವ್ಯಕ್ತಿಗಳು. ಮೂರೂ ಹೆಸರು ನನ್ನವೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದೆ, ಆಧಾರ್‌ನ ಹೆಸರನ್ನು ಪರಿಷತ್ತಿನ ನೋಂದಣಿಗೆ ಹೊಂದುವಂತೆ ತಿದ್ದಿಸಿದೆ, ಆಮೇಲೆಯೇ ಉಳಿದ ಅರ್ಜಿಗಳಿಗೆ ಕೈ ಹಾಕಿದೆ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ವೃತ್ತಿಪರರ ನೋಂದಣಿಯೂ ಆಧಾರ್‌ನಿಂದಲೇ ಆರಂಭವಾಗುವುದರಿಂದ, ಅಲ್ಲಿಯ ತಪ್ಪು ಮುಂದಿನ ಪ್ರತಿಯೊಂದು ದಾಖಲೆಗೂ ಹರಿದುಹೋಗುತ್ತದೆ.

ಪರಿಷತ್ತಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ನಿರಂತರ ವೈದ್ಯಕೀಯ ಶಿಕ್ಷಣದ ಕ್ರೆಡಿಟ್ ಅಂಕಗಳು ಬೇಕು. ಸಮ್ಮೇಳನಗಳ ಪ್ರಮಾಣಪತ್ರಗಳನ್ನು ಅಂದಂದೇ ಒಂದು ಕಡತದಲ್ಲಿ ಸೇರಿಸಿಡುತ್ತೇನೆ.

ಇದೇ ಸಮಯದಲ್ಲಿ ನನ್ನ ನಾಮಫಲಕವನ್ನೂ ತಿದ್ದಿದೆ. ಮಧುಮೇಹದ ಕುರಿತು ಮಾಡಿದ್ದ ಅಲ್ಪಾವಧಿಯ ಕೋರ್ಸೊಂದನ್ನು ಎಂ.ಡಿ. ಪಕ್ಕದಲ್ಲಿ ಬರೆಸಿದ್ದೆ. ಕಲಿತದ್ದು ನಿಜ, ಅದರಿಂದ ರೋಗಿಗಳಿಗೆ ಪ್ರಯೋಜನವಾದದ್ದೂ ನಿಜ. ಆದರೆ ಅದು ಮಾನ್ಯತೆ ಪಡೆದ ಪದವಿಯಲ್ಲ, ಫಲಕ ಓದುವ ರೋಗಿಗೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ. 2002ರ ವೈದ್ಯರ ವೃತ್ತಿ ನೀತಿ ನಿಯಮಗಳು ಔಷಧ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ, ಹಣದ ರಸೀತಿಯಲ್ಲಿ ನೋಂದಣಿ ಸಂಖ್ಯೆ ಇರಬೇಕೆಂದು ಹೇಳುತ್ತವೆ. ನಾನು ಕೇಸ್ ಶೀಟ್‌ನ ಪ್ರತಿದಿನದ ಟಿಪ್ಪಣಿಗೂ ದಿನಾಂಕ, ಸಮಯ, ಹೆಸರು ಮತ್ತು ಸಂಖ್ಯೆಯ ಮೊಹರು ಹಾಕುವುದನ್ನು ರೂಢಿಸಿಕೊಂಡೆ. ಪ್ರಿ-ಆಥ್ ಕೋರಿಕೆಯಲ್ಲಿ, ಅಂದರೆ ಚಿಕಿತ್ಸೆಗೆ ಮುನ್ನ ಯೋಜನೆಯ ಅನುಮತಿ ಕೇಳುವ ಅರ್ಜಿಯಲ್ಲಿ, ಬರೆದ ರೋಗನಿರ್ಣಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬದಲಾಗಿದ್ದರೆ, ಯಾವ ದಿನ ಯಾವ ಪರೀಕ್ಷೆಯ ಫಲಿತಾಂಶದಿಂದ ಬದಲಾಯಿತೆಂದು ಒಂದು ವಾಕ್ಯ ಬರೆಯುತ್ತೇನೆ. ಜ್ವರವೆಂದು ದಾಖಲಾದವರು ನ್ಯುಮೋನಿಯಾ ಎಂದು ಬಿಡುಗಡೆಯಾಗುವುದು ಮೆಡಿಸಿನ್ ವಾರ್ಡಿನಲ್ಲಿ ಸಹಜ. ಕಾರಣ ಬರೆದಿಲ್ಲದಿದ್ದರೆ ಕ್ಲೇಮ್ ಪರಿಶೀಲಿಸುವವರು ಅದನ್ನು ಪ್ರಶ್ನಿಸುವುದೂ ಅಷ್ಟೇ ನ್ಯಾಯ.

ನನ್ನ ಎಂ.ಡಿ. ದಾಖಲಾದ ಮೇಲೆ ವಿಭಾಗಕ್ಕೆ ಅನುಮತಿ ದೊರೆಯಿತು. ಕೆಲವು ತಿಂಗಳ ಬಳಿಕ, ನಾನೆಂದೂ ಕೆಲಸ ಮಾಡದ ನರ್ಸಿಂಗ್ ಹೋಮ್ ಒಂದರಿಂದ ಕರೆ ಬಂತು. ಪ್ರಮಾಣಪತ್ರಗಳ ಜೆರಾಕ್ಸ್ ಕೊಟ್ಟರೆ ಸಾಕು, ತಿಂಗಳಿಗಿಷ್ಟು ಕೊಡುತ್ತೇವೆ, ನೀವು ಬರಲೇಬೇಕೆಂದೇನಿಲ್ಲ ಎಂದರು. ನಾನು ಒಪ್ಪಲಿಲ್ಲ. ನನ್ನ ಹೆಸರು ನೋಡಿ ತಜ್ಞರಿದ್ದಾರೆಂದು ನಂಬಿ ಬಂದ ರೋಗಿಯ ಉಸಿರು ಮಧ್ಯರಾತ್ರಿ ಸಿಕ್ಕಿಕೊಂಡರೆ, ಅಲ್ಲಿ ಇರುವುದು ನನ್ನ ಕಾಗದ ಮಾತ್ರ. ಅಂದಿನಿಂದ ಯಾವುದೇ ಪ್ರತಿಯನ್ನು ಕೊಡುವಾಗ, ಯಾವ ಆಸ್ಪತ್ರೆಯ ಯಾವ ಅರ್ಜಿಗಾಗಿ ಎಂಬುದನ್ನು ಅದರ ಮೇಲೆ ಅಡ್ಡಲಾಗಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿಯೇ ಕೊಡುತ್ತೇನೆ.