ಜೀಪ್ ಇಳಿಸುವ ಮೊದಲು ನಕಾಶೆ ಬಿಚ್ಚಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟವರಿಗೆ ಗುಡ್ಡ, ಬಯಲು ಎರಡೂ ಕೈಗೆಟುಕುವ ದೂರದಲ್ಲಿವೆ. ಆದರೆ ರಸ್ತೆ ಬಿಟ್ಟು ಇಳಿಯುವ ಮೊದಲು ಆ ನೆಲ ಯಾರದು ಅಂತ ಗೊತ್ತಿರಲೇಬೇಕು. ಗಾಡಿಯ ತಯಾರಿಗಿಂತ ದಾರಿಯ ತಯಾರಿಗೇ ಜಾಸ್ತಿ ಸಮಯ ಇಟ್ಟುಕೊಳ್ಳಿ.

ಮೊದಲ ಕೆಲಸ ನಕಾಶೆ ನೋಡುವುದು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಗ್ರಾಮ ನಕಾಶೆಯ ಜೊತೆ ಹೋಲಿಸಿ. ಅದರಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿ ದಾರಿ, ಒಂಟಿ ಚುಕ್ಕೆಗೆರೆಯಾದರೆ ಕಾಲುದಾರಿ. ನಕಾಶೆಯಲ್ಲಿರುವ ಬಂಡಿ ದಾರಿಯಲ್ಲೇ ಹೋಗಿ. ಕಾಲುದಾರಿಗೆ ಗಾಡಿ ಹಾಕಬೇಡಿ. ಗೋಮಾಳ ಸರ್ಕಾರದ್ದೇ ಆದರೂ ದನ, ಕುರಿ ಮೇಯಲು ಬಿಟ್ಟ ನೆಲ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಅಲ್ಲಿ ಸಿಗುವ ಕುರಿಗಾರರನ್ನೂ ಒಂದು ಮಾತು ಕೇಳಿ. ಹಳ್ಳದಲ್ಲಿ ನೀರು ಎಷ್ಟಿದೆ, ಮರಿ ಹಾಕಿದ ಕುರಿ ಎಲ್ಲಿವೆ ಅಂತ ಅವರಷ್ಟು ಸರಿಯಾಗಿ ಯಾವ ಆ್ಯಪೂ ಹೇಳಲಾರದು.

ಆಮೇಲೆ ಕಾಡು. ಸಂಡೂರಿನ ಗುಡ್ಡಗಳಲ್ಲಿ ಮೀಸಲು ಅರಣ್ಯ ಜಾಸ್ತಿ. ಅಲ್ಲಿ ಒಪ್ಪಿಗೆ ಇಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಹೋಗುವ ದಾರಿ, ದಿನ, ಗಾಡಿ ನಂಬರ್ ಬರೆಯಿರಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ದರೋಜಿ ಕರಡಿಧಾಮವನ್ನಂತೂ ಪಟ್ಟಿಯಿಂದಲೇ ತೆಗೆಯಿರಿ. ಅಲ್ಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಗಣಿ ಗುತ್ತಿಗೆಯ ರಸ್ತೆಗಳೂ ಬೇಡ. ಟಿಪ್ಪರ್ ತಿರುಗುವ ಜಾಗ ಆಟಕ್ಕಲ್ಲ. ಗಂಗಾವತಿ ಬಳಿ ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಕಲ್ಲುಮನೆಗಳು ಸಾವಿರಾರು ವರ್ಷ ಹಳೆಯವು. ಅಲ್ಲಿಗೆ ನಡೆದೇ ಹತ್ತಿ.

ಇನ್ನು ನೆಲ. ಸಿರುಗುಪ್ಪ, ರಾಯಚೂರು ಕಡೆಯ ಎರೆ ನೆಲ ಒಂದು ಮಳೆ ಬಿದ್ದರೆ ಸಾಕು, ಟೈರಿಗೆ ಮೆತ್ತಿಕೊಂಡು ಚಕ್ರ ತಿರುಗದಂತೆ ಮಾಡುತ್ತದೆ. ಹಸಿಯಲ್ಲಿ ಬಿದ್ದ ಗಾಲಿ ಗುರುತು ಒಣಗಿದರೆ ಕಲ್ಲಿನಂತೆ ಗಟ್ಟಿ. ಆಮೇಲೆ ಅದೇ ದಾರಿಯಲ್ಲಿ ರೈತರ ಬಂಡಿ ಓಡಾಡಬೇಕು, ಅಲ್ವಾ? ಹಾಗಾಗಿ ಹಿಂಗಾರಿ ಜೋಳ, ಕಡಲೆ ಕಟಾವಾಗಿ ನೆಲ ಪೂರ್ತಿ ಒಣಗಿದ ಮೇಲೇ ಹೋಗಿ. ಬೂಟಿಗೆ ಮಣ್ಣು ಅಂಟಿದರೆ ಅವತ್ತು ಗಾಡಿ ಇಳಿಸುವುದೇ ಬೇಡ. ಸಿರುಗುಪ್ಪದ ಬಯಲಿನಲ್ಲಿ ಅಳಿವಿನಂಚಿನ ಎರೆಭೂತ ಹಕ್ಕಿಯೂ ಇದೆ. ಅದು ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅಲ್ಲಿ ದಾರಿ ಬಿಟ್ಟು ಒಂದು ಮಾರೂ ಇಳಿಯಬೇಡಿ.

ಕೆಂಪು ಮಸಾರಿ ನೆಲ ಸುಲಭ. ಕಲ್ಲಿಲ್ಲದ ಸಡಿಲ ಮಣ್ಣಿದ್ದರೆ ಟೈರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ನಿಧಾನವಾಗಿ ಓಡಿಸಿ. ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಲು ಪಂಪ್ ಜೊತೆಗಿರಲಿ. ಏರು ಬರುವ ಮೊದಲೇ ಲೋ ಗೇರ್ ಹಾಕಿ. ಟೋ ಹಗ್ಗ, ಸಲಿಕೆ, ಕುಡಿಯುವ ನೀರು ಇರಲಿ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಕನಿಷ್ಠ ಎರಡಾದರೂ ಬೇಕು. ಹೊಲದ ಬೇಲಿ ತೆಗೆದು ದಾಟಿದರೆ ಅಲ್ಲೇ ಇಳಿದು ಮತ್ತೆ ಮುಚ್ಚಿ, ಆಮೇಲೆ ಮುಂದೆ ಹೋಗಿ.