ಅಪರಾಧಶಾಸ್ತ್ರವನ್ನು ಠಾಣೆಯ ಕೆಲಸಕ್ಕೆ ತರುವುದು ಹೇಗೆ?

ಸಿದ್ಧಾಂತವನ್ನು ಕೆಲಸಕ್ಕೆ ತರಬೇಕೆನ್ನುವವರು ಮೊದಲು ಸಮಸ್ಯೆಯನ್ನು ಚಿಕ್ಕದಾಗಿ, ಖಚಿತವಾಗಿ ಬರೆದುಕೊಳ್ಳಬೇಕು. ‘ಕಳ್ಳತನ ಹೆಚ್ಚಾಗಿದೆ’ ಎಂಬ ಮಾತಿನಿಂದ ಯಾವ ಕ್ರಮವೂ ಹುಟ್ಟುವುದಿಲ್ಲ. ‘ಬಸ್ ನಿಲ್ದಾಣದಲ್ಲಿ ಸಂಜೆ 6ರಿಂದ 8ರವರೆಗೆ, ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಜೇಬಿನ ಮೊಬೈಲ್ ಹೋಗುತ್ತಿದೆ’ ಎಂದು ಬರೆದಾಗ ದಾರಿ ಕಾಣತೊಡಗುತ್ತದೆ. ಅದಕ್ಕಾಗಿ ದೂರುಗಳನ್ನು ಕಾನೂನಿನ ಕಲಮಿನ ಪ್ರಕಾರವಲ್ಲ, ಸ್ಥಳ, ಗಂಟೆ ಮತ್ತು ನಡೆದ ಬಗೆಯ ಪ್ರಕಾರ ಮತ್ತೊಮ್ಮೆ ಓದಬೇಕು. ಮೊಬೈಲ್ ಕಳೆದುಕೊಂಡ ಎಲ್ಲರೂ ದೂರು ಕೊಡುವುದಿಲ್ಲವಾದ್ದರಿಂದ ಕಂಡಕ್ಟರುಗಳನ್ನೂ ಅಂಗಡಿಯವರನ್ನೂ ಮಾತನಾಡಿಸಬೇಕು.

ಇಲ್ಲಿ ನೆರವಿಗೆ ಬರುವುದು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಮಂಡಿಸಿದ ದೈನಂದಿನ ಚಟುವಟಿಕೆಗಳ ಸಿದ್ಧಾಂತ. ಅಪರಾಧ ಎಸಗಲು ಸಿದ್ಧನಿರುವ ವ್ಯಕ್ತಿ, ಕೈಗೆಟಕುವ ಗುರಿ, ತಡೆಯಬಲ್ಲ ಕಾವಲಿನ ಅಭಾವ, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದಾಗ ಅಪರಾಧ ನಡೆಯುತ್ತದೆ ಎಂಬುದು ಅದರ ತಿರುಳು. ಮೂರರಲ್ಲಿ ಯಾವುದನ್ನು ನಾವು ಬದಲಿಸಬಲ್ಲೆವು ಎಂದು ಕೇಳಿಕೊಳ್ಳಿ. ಕಳ್ಳನ ಮನಸ್ಸು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಸಾಲಿನಲ್ಲಿ ಹತ್ತಿಸುವ ಕಂಬಿ, ಬಾಗಿಲ ಬಳಿ ಬೆಳಕು, ಜನರತ್ತ ಮುಖ ಮಾಡಿ ನಿಂತ ಒಬ್ಬ ಸಿಬ್ಬಂದಿ, ಇವೆಲ್ಲ ಕೈಯಲ್ಲಿವೆ.

ಗಸ್ತನ್ನು ಎಲ್ಲೆಡೆ ಸಮನಾಗಿ ಹಂಚುವ ಅಭ್ಯಾಸವನ್ನು ಸಂಶೋಧನೆ ಬೆಂಬಲಿಸುವುದಿಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972–73ರಲ್ಲಿ ಕೆಲವು ಪ್ರದೇಶಗಳಲ್ಲಿ ವಾಹನ ಗಸ್ತನ್ನು ಹೆಚ್ಚಿಸಿ, ಕೆಲವೆಡೆ ನಿಲ್ಲಿಸಿ ನೋಡಿದಾಗ ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ್ದೇ ಇನ್ನೊಂದು ನಗರವಾದ ಮಿನಿಯಾಪೊಲಿಸ್ ಕುರಿತ 1989ರ ಅಧ್ಯಯನದಲ್ಲಿ ಸುಮಾರು ಶೇ 3ರಷ್ಟು ವಿಳಾಸಗಳಿಂದಲೇ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಬಂದಿದ್ದವು. ಆದ್ದರಿಂದ ಗಸ್ತು ‘ಬಿಸಿ ತಾಣ’ಗಳಿಗೆ, ಅಂದರೆ ಅಪರಾಧ ಮತ್ತೆ ಮತ್ತೆ ನಡೆಯುವ ಜಾಗಗಳಿಗೆ ಹೋಗಲಿ. ಆದರೆ ಅಲ್ಲಿ ಓಡಾಡುವವರನ್ನೆಲ್ಲ ಶಂಕಿತರಂತೆ ಕಾಣುವುದು ಬೇಡ. ತಡೆದ ಕಾರಣವನ್ನು ಹೇಳಿ, ಎದುರಿನವರ ಮಾತನ್ನು ಕೇಳಿ, ಗೌರವದಿಂದ ನಡೆದುಕೊಂಡರೆ ಜನ ಕಾನೂನಿಗೆ ಮನಸಾರೆ ಸಹಕರಿಸುವ ಸಾಧ್ಯತೆ ಹೆಚ್ಚು ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಅವರ ಸಂಶೋಧನೆಯ ಸಾರ. ಇದನ್ನು ಬರಿಯ ಸೌಜನ್ಯದ ಪಾಠವೆಂದು ತಳ್ಳಿಹಾಕುವುದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಪ್ರೊಬೇಷನ್ ಅಧಿಕಾರಿಗಳು, ಅಂದರೆ ಜೈಲಿನ ಬದಲು ಹೊರಗೇ ಬಿಟ್ಟ ಅಪರಾಧಿಗಳ ಮೇಲೆ ನಿಗಾ ಇಡುವವರು, ಮೊದಲು ಅಪಾಯದ ಮಟ್ಟವನ್ನು ಅಳೆಯಬೇಕು. ಮತ್ತೆ ತಪ್ಪು ಮಾಡುವ ಸಾಧ್ಯತೆ ಕಡಿಮೆಯಿರುವ ಯುವಕನನ್ನು ವಾರಕ್ಕೆ ಮೂರು ಸಲ ಕಚೇರಿಗೆ ಕರೆಸಿದರೆ ಅವನ ಕೆಲಸ ಹೋಗಬಹುದು, ಹೊಸ ಸಹವಾಸ ಕಾಯುವ ಬೆಂಚಿನಲ್ಲೇ ಸಿಗಬಹುದು. ತೀವ್ರ ನಿಗಾ ಮತ್ತು ಚಿಕಿತ್ಸೆ ಹೆಚ್ಚು ಅಪಾಯದವರಿಗೆ ಮೀಸಲಾಗಿರಲಿ.

ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಯೋಜನೆ ಫಲ ಕೊಡುವುದಿಲ್ಲ. ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಹೆದರಿಸುವ ಕಾರ್ಯಕ್ರಮಗಳನ್ನು ಯಾದೃಚ್ಛಿಕ ಪ್ರಯೋಗಗಳಲ್ಲಿ (ಯಾರು ಕಾರ್ಯಕ್ರಮಕ್ಕೆ, ಯಾರು ಹೊರಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ) ಪರೀಕ್ಷಿಸಿ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ, ಅವು ಏನೂ ಮಾಡದಿರುವುದಕ್ಕಿಂತ ಹೆಚ್ಚು ಹಾನಿ ಮಾಡಿದ್ದವು. ಹಾಗಾಗಿ ಕ್ರಮ ಶುರುವಾಗುವ ಮುನ್ನವೇ ಯಾವ ಫಲಿತಾಂಶ ಬಂದರೆ ಅದನ್ನು ನಿಲ್ಲಿಸುತ್ತೇವೆ ಎಂದು ಬರೆದಿಡಿ. ಬಸ್ ನಿಲ್ದಾಣದ ಜೊತೆಗೆ, ಯಾವ ಬದಲಾವಣೆಯನ್ನೂ ಮಾಡದ, ಅದರಂಥದೇ ಇನ್ನೊಂದು ನಿಲ್ದಾಣದ ಲೆಕ್ಕವನ್ನೂ ಇಡಿ. ಕಳ್ಳರು ಮುಂದಿನ ತಿರುವಿಗೆ ಸರಿದರೋ ಎಂದು ತಿಳಿಯಲು ಪಕ್ಕದ ರಸ್ತೆಗಳ ದೂರುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಎಣಿಸುತ್ತಿರಿ.