ಜಿಮ್ನಿಯ ತಳಕ್ಕೆ ಸ್ಕಿಡ್ ಪ್ಲೇಟ್ ಆರಿಸಿದ ನನ್ನ ಅನುಭವ

ಸ್ಕಿಡ್ ಪ್ಲೇಟ್, ಅಂದರೆ ಗಾಡಿಯ ತಳವನ್ನು ಕಲ್ಲಿನ ಪೆಟ್ಟಿನಿಂದ ಕಾಯುವ ತಟ್ಟೆ, ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಎಂಎಂ?" ಅಂತ. ದಪ್ಪ ಇದ್ದಷ್ಟು ಒಳ್ಳೆಯದು ಅನ್ನುವ ನಂಬಿಕೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಆ ಪ್ಲೇಟು ಯಾವುದನ್ನು ಕಾಯುತ್ತದೆ, ಮತ್ತು ಗಾಡಿಯನ್ನು ಎಲ್ಲಿ ಹಿಡಿದುಕೊಂಡು ಕಾಯುತ್ತದೆ? ಇವೆರಡು ಗೊತ್ತಾದರೆ ದಪ್ಪದ ವಿಷಯ ತಾನಾಗಿ ತೀರ್ಮಾನವಾಗುತ್ತದೆ.

ನನ್ನದು ಮಾರುತಿಯ ಐದು ಬಾಗಿಲಿನ ಜಿಮ್ನಿ, ಮ್ಯಾನುಯಲ್ ಗೇರ್. ಓಡಾಟ ಹೆಚ್ಚಾಗಿ ಎರಡು ಥರದ ನೆಲದಲ್ಲಿ. ಒಂದು, ಮಾಗಡಿ, ಕನಕಪುರ, ರಾಮನಗರದ ಕಡೆ ಗೆಳೆಯರ ಜಮೀನುಗಳು. ಇನ್ನೊಂದು, ಮಳೆಗಾಲದಲ್ಲಿ ಸಕಲೇಶಪುರದ ತೋಟದ ದಾರಿಗಳು. ಈ ಎರಡೂ ಕಡೆ ಗಾಡಿಯ ತಳಕ್ಕೆ ಬೀಳುವ ಪೆಟ್ಟು ಒಂದೇ ಥರ ಇರುವುದಿಲ್ಲ.

ರಾಮನಗರದ ಸುತ್ತ ಇರುವುದು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆಯ ಹೆಸರಿನಿಂದಲೇ ಆ ಕಲ್ಲಿಗೆ ಹೆಸರು ಬಂದಿದೆ. ಸುಮಾರು 250 ಕೋಟಿ ವರ್ಷ ಹಳೆಯ ಬಂಡೆ. ಗಾಳಿ ಮಳೆಗೆ ಸವೆದು ದುಂಡಗಾಗುತ್ತದೆ, ಆದರೆ ಗಾಡಿಯ ಭಾರಕ್ಕೆ ಪುಡಿಯಾಗುವುದಿಲ್ಲ. ಅರ್ಧ ಮಣ್ಣಿನಲ್ಲಿ ಹೂತ ಇಂಥ ಗುಂಡು ದಾಟುವಾಗ ಮುಂದಿನ ಚಕ್ರ ಇಳಿದ ಮೇಲೆ ಗಾಡಿಯ ನಡು ಅದರ ಮೇಲೆ ಕೂತುಬಿಡುತ್ತದೆ. ಪೂರ್ತಿ ಭಾರ ಅಲ್ಲಿ ಬಿದ್ದು, ಹಾಗೇ ಎಳೆದುಕೊಂಡು ಹೋಗಬೇಕು. ಸಕಲೇಶಪುರದಲ್ಲಿ ಜಾರುವ ಜೇಡಿ, ಆಳವಾದ ಚಕ್ರದ ಕೊರಕಲು, ನಡುವಿನ ದಿಬ್ಬದಲ್ಲಿ ಅಡಗಿರುವ ಬೇರು, ಮರದ ಬೊಡ್ಡೆ. ಅಲ್ಲಿ ಪೆಟ್ಟು ಮುಂದಿನಿಂದ ಬರುತ್ತದೆ, ಕಾಣದೆ ಬರುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಗಾಡಿಯನ್ನು ಪರಿಚಯದ ಗ್ಯಾರೇಜಿನ ಲಿಫ್ಟಿಗೆ ಏರಿಸಿ, ಟಾರ್ಚ್ ಹಿಡಿದು ತಳ ನೋಡಿದೆ. ಎಲ್ಲೆಲ್ಲಿ ಗೀಚಿದೆ, ಎಲ್ಲಿ ಬಣ್ಣ ಹೋಗಿ ಹೊಳೆಯುತ್ತಿದೆ, ಎಲ್ಲಿ ಕೆಂಪು ಮಣ್ಣು ಒತ್ತಿ ಕೂತಿದೆ. ಗಾಡಿ ಎಲ್ಲಿ ಪೆಟ್ಟು ತಿನ್ನುತ್ತಿದೆ ಅಂತ ಆ ಗುರುತುಗಳೇ ಹೇಳುತ್ತವೆ. ಇದನ್ನು ಯಾರೂ ಬಿಡಬಾರದು. ಒಂದೇ ಕಂಪನಿಯ ಒಂದೇ ಮಾಡೆಲ್ ಇಟ್ಟುಕೊಂಡ ಇಬ್ಬರ ಗಾಡಿಯಲ್ಲೂ ಗುರುತು ಬೇರೆ ಬೇರೆ ಜಾಗದಲ್ಲಿರುತ್ತದೆ.

ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲದ ಚಕ್ರಗಳನ್ನು ಜೋಡಿಸುವ ಒಂದೇ ಅಚ್ಚು. ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ತೀರಾ ಕೆಳಗಿರುವುದು ಡಿಫರೆನ್ಷಿಯಲ್ (ಡಿಫ್) ಗುಂಡು, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳಿರುವ ಉಬ್ಬು. ಅದು ಆಕ್ಸಲ್ ಜೊತೆಗೇ ಏರಿಳಿಯುತ್ತದೆ. ಚಕ್ರ ಕಲ್ಲಿನ ಮೇಲೆ ಹತ್ತಿದರೆ ಡಿಫ್ ಕೂಡ ಮೇಲೆ ಬರುತ್ತದೆ. ಅಂದರೆ ಚಾಸಿಗೆ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ) ಕೂರಿಸಿದ ಯಾವ ಪ್ಲೇಟೂ ಡಿಫ್ ಅನ್ನು ಕಾಯುವುದಿಲ್ಲ. ಅದಕ್ಕೆ ಆಕ್ಸಲ್‌ಗೇ ಕೂರುವ ಚಿಕ್ಕ ಗಾರ್ಡ್ ಬೇಕು. ಇಂಜಿನ್ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಆಕ್ಸಲ್‌ಗಿಂತ ಮೇಲಿದೆ. 2020ರಲ್ಲಿ ಬಂದ ಥಾರ್‌ನ ಲೆಕ್ಕ ಬೇರೆ. ಅದರ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಎರಡೂ ಚಕ್ರ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಡಿಫ್ ಚಾಸಿಗೆ ಅಂಟಿಕೊಂಡಿದೆ. ಚಕ್ರಗಳು ಮೇಲೆ ಒತ್ತಿದಾಗ ಡಿಫ್ ಏರುವುದಿಲ್ಲ, ನೆಲವೇ ಹತ್ತಿರ ಬರುತ್ತದೆ. ಅವರಿಗೆ ಮುಂದಿನ ದೊಡ್ಡ ಪ್ಲೇಟು ತುಂಬಾ ಮುಖ್ಯ. ಥಾರ್ ಇಟ್ಟುಕೊಂಡ ಗೆಳೆಯ ಏನು ಹಾಕಿದನೋ ಅದನ್ನೇ ನಾವೂ ಹಾಕಿಕೊಳ್ಳುವುದರಲ್ಲಿ ಅರ್ಥವಿಲ್ಲ.

ನನ್ನ ಗಾಡಿಗೆ ಮುಖ್ಯ ತೊಂದರೆ ನಡುವಿನದು. ಹೊರದೇಶಗಳ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2250 ಮಿ.ಮೀ. ನಮ್ಮಲ್ಲಿ ಸಿಗುವ ಐದು ಬಾಗಿಲಿನದು 2590. ಉದ್ದವಾದ ಕಾರಣ ಬ್ರೇಕ್‌ಓವರ್ ಕೋನ, ಅಂದರೆ ನಡು ತಾಗದೆ ಎಷ್ಟು ಕಡಿದಾದ ದಿಬ್ಬ ದಾಟಬಹುದು ಅನ್ನುವ ಲೆಕ್ಕ, 28 ಡಿಗ್ರಿಯಿಂದ 24ಕ್ಕೆ ಇಳಿದಿದೆ. ಮೂತಿ ತಾಗದೆ ಏರು ಹತ್ತುವ ಅಪ್ರೋಚ್ ಕೋನ 36, ಅಲ್ಲಿ ಅಷ್ಟು ವ್ಯತ್ಯಾಸ ಆಗಿಲ್ಲ. ಹಾಗಾಗಿ ಗೇರ್‌ಬಾಕ್ಸ್, ನಾಲ್ಕೂ ಚಕ್ರಕ್ಕೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕೇಸ್ ಇರುವ ನಡುಭಾಗವೇ ಗುಂಡಿನ ಮೇಲೆ ಕೂರುವುದು. ಇದರಲ್ಲಿ ಇನ್ನೊಂದು ವಿಷಯವೂ ಇದೆ. ಮೂರು ಬಾಗಿಲಿನ ಗಾಡಿಗೆ ಮಾಡಿದ ಪ್ಲೇಟುಗಳನ್ನು ಹೊರಗಿನಿಂದ ತರಿಸುವವರಿದ್ದಾರೆ. ಮುಂದಿನದು ಕೂತರೂ ಕೂರಬಹುದು. ನಡುವಿನದನ್ನು, ಹಿಂದಿನದನ್ನು ಅಳತೆ ಹೋಲಿಸದೆ ತರಿಸಲೇಬಾರದು.

ಇನ್ನು ತೂಕ. ಇದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅನ್ನೋದೇ ನನಗೆ ಬೇಜಾರು. ನನ್ನ ಜಿಮ್ನಿಯ ಖಾಲಿ ತೂಕ ಸುಮಾರು 1200 ಕಿಲೋ, ಗರಿಷ್ಠ ತೂಕ 1545. ಉಳಿಯುವುದು 345 ಕಿಲೋ. ನಾಲ್ಕು ಜನ ದೊಡ್ಡವರು ಕೂತರೆ 280 ಹೋಯಿತು. ಮಿಕ್ಕ 65 ಕಿಲೋದಲ್ಲಿ ಬ್ಯಾಗು, ನೀರು, ಹಗ್ಗ, ಜಾಕ್, ಎಲ್ಲಾ ಬರಬೇಕು. ಇಂಜಿನ್‌ನ ಟಾರ್ಕ್ (ತಿರುಗಿಸುವ ಬಲ) 134 ಎನ್‌ಎಂ (ನ್ಯೂಟನ್ ಮೀಟರ್) ಅಷ್ಟೇ. ಇಂಥ ಗಾಡಿಗೆ ತಳದ ತುಂಬ ಉಕ್ಕು ಹೊದಿಸಿದರೆ, ಯಾವ ಹಗುರತನಕ್ಕಾಗಿ ಅದನ್ನು ಕೊಂಡೆವೋ ಅದೇ ಹೋಗುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ವಿಸ್ತೀರ್ಣದ, ಒಂದು ಮಿ.ಮೀ. ದಪ್ಪದ ಉಕ್ಕಿನ ಶೀಟು 7.85 ಕಿಲೋ ತೂಗುತ್ತದೆ. ಅಲ್ಯೂಮಿನಿಯಂ ಆದರೆ 2.7 ಕಿಲೋ. ರಟ್ಟು ಕತ್ತರಿಸಿ ಅಳೆದಾಗ ಮುಂದಿನ ಪ್ಲೇಟಿಗೆ ಸುಮಾರು 0.35 ಚದರ ಮೀಟರ್, ನಡುವಿನದಕ್ಕೆ ಸುಮಾರು ಅರ್ಧ ಚದರ ಮೀಟರ್ ಬಂತು. ಮುಂದೆ 5 ಮಿ.ಮೀ. ಅಲ್ಯೂಮಿನಿಯಂ ಹಾಕಿದರೆ ಐದು ಕಿಲೋ ಒಳಗೆ. ನಡುವೆ 4 ಮಿ.ಮೀ. ಉಕ್ಕು ಹಾಕಿದರೆ ಹದಿನಾರು ಕಿಲೋ ಹತ್ತಿರ. ಅಲ್ಲಿಗೂ ಅಲ್ಯೂಮಿನಿಯಂ ಹಾಕಿದರೆ ಅಷ್ಟೇ ಬಿಗಿ ಬರಲು 6 ಮಿ.ಮೀ. ಬೇಕಾಗುತ್ತದೆ, ತೂಕ ಎಂಟು ಕಿಲೋ. ಅರ್ಧಕ್ಕರ್ಧ ಉಳಿತಾಯ.

ಆದರೂ ನಡುವಿಗೆ ನಾನು ಉಕ್ಕನ್ನೇ ಆರಿಸಿದೆ. ಕಾರಣ ನಮ್ಮ ಗ್ರಾನೈಟ್. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಭಾರ ಬಿದ್ದಾಗ ಗ್ರಾನೈಟಿನ ಹರಳು ಅದರೊಳಗೆ ಇಳಿದು ಕಚ್ಚಿ ಹಿಡಿಯುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಉಕ್ಕು ಗೀಚಿಸಿಕೊಂಡು ಜಾರುತ್ತದೆ. ಕೂತು ಎಳೆಯಬೇಕಾದ ಜಾಗಕ್ಕೆ ಜಾರುವ ಗುಣ ಬೇಕು, ಅದಕ್ಕೆ ಎಂಟು ಕಿಲೋ ಜಾಸ್ತಿ ಕೊಡುವುದು ನನಗೆ ಒಪ್ಪಿಗೆ. ಮುಂದೆ ಬೀಳುವುದು ಒಂದು ಪೆಟ್ಟು, ಅಷ್ಟೇ. ಸ್ಟೀರಿಂಗ್ ಡ್ಯಾಂಪರ್, ರಾಡ್ ಇರುವ ಜಾಗ ಅದು. ಬೇರೋ ಕಲ್ಲೋ ತಾಗಿ ಪಕ್ಕಕ್ಕೆ ಸರಿದರೆ ಸಾಕು. ಮುಂದಿನ ತುದಿಯಲ್ಲಿ ತೂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಹಾಗಾಗಿ ಅಲ್ಲಿ ಅಲ್ಯೂಮಿನಿಯಂ.

ಯುಎಚ್‌ಎಂಡಬ್ಲ್ಯು ಅನ್ನುವ ಪ್ಲಾಸ್ಟಿಕ್ ಶೀಟು ಇವೆರಡಕ್ಕಿಂತ ಚೆನ್ನಾಗಿ ಜಾರುತ್ತದೆ, ಹಗುರವೂ ಹೌದು. ಆದರೆ 130 ಡಿಗ್ರಿ ದಾಟಿದರೆ ಕರಗುತ್ತದೆ. ಸೈಲೆನ್ಸರ್ ಪೈಪು ಹತ್ತಿರವೇ ಹಾದುಹೋಗುವ ಕಡೆ ನಾನು ಅದನ್ನು ನಂಬಲಿಲ್ಲ.

ಅಲ್ಯೂಮಿನಿಯಂ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 6061 ಟಿ6 ಅನ್ನುವ ಮಿಶ್ರಲೋಹ ಗಟ್ಟಿ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ಗಟ್ಟಿ ನಿಜ, ಆದರೆ ಚಿಕ್ಕ ತಿರುವಿನಲ್ಲಿ ಬಗ್ಗಿಸಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಬೆಸುಗೆ ಹಾಕಿದ ಜಾಗದ ಸುತ್ತ ಬಲವೂ ಇಳಿಯುತ್ತದೆ. 5052 ಅನ್ನುವ ಇನ್ನೊಂದು ಬಗೆ ಸ್ವಲ್ಪ ಮೆತ್ತಗೆ, ಆದರೆ ಬಿರುಕಿಲ್ಲದೆ ಬಗ್ಗುತ್ತದೆ, ಪೆಟ್ಟು ಬಿದ್ದರೆ ತಗ್ಗಾಗುತ್ತದೆ, ಒಡೆಯುವುದಿಲ್ಲ. ಬೆಂಗಳೂರಿನ ಪೀಣ್ಯದ ಲೇಸರ್ ಕಟಿಂಗ್ ಅಂಗಡಿಯಲ್ಲಿ ಜಾಬ್ ವರ್ಕ್ ಕೊಡುವಾಗ 5052 ಅಂತಲೇ ಒತ್ತಿ ಹೇಳಿ ಮಾಡಿಸಿದೆ. ಬೆಸುಗೆ ಎಲ್ಲೂ ಇಲ್ಲ, ಬರೀ ಬೆಂಡಿಂಗ್.

ಈಗ ಪ್ಲೇಟು ಕೂರುವ ಜಾಗದ ಮಾತು. ಗ್ಯಾರೇಜಿನ ಮೇಸ್ತ್ರಿ ಅಂದರು, "ಸಾರ್, ಪ್ಲೇಟ್ ಬಗ್ಗಿದ್ರೆ ತಟ್ಟಿ ಸರಿ ಮಾಡ್ಬೋದು. ಬ್ರಾಕೆಟ್ ಕಿತ್ಕೊಂಡ್ ಬಂದ್ರೆ ಪ್ಲೇಟೇ ಹೋಗಿ ಚೇಂಬರ್‌ಗೆ ಹೊಡಿಯುತ್ತೆ." ನೂರಕ್ಕೆ ನೂರು ಸರಿ. ಮಾರುಕಟ್ಟೆಯಲ್ಲಿ ನಾನು ನೋಡಿದ ಎಷ್ಟೋ ಸೆಟ್‌ಗಳಲ್ಲಿ ಪ್ಲೇಟು ದಪ್ಪವಾಗಿತ್ತು, ಆದರೆ ಅದನ್ನು ಹಿಡಿದ ಬ್ರಾಕೆಟ್ ತೆಳು ತಗಡು. ಪ್ಲೇಟು ಚಾಸಿಯ ಉದ್ದದ ತೊಲೆಗೆ ಅಥವಾ ಅಡ್ಡ ತೊಲೆಗೆ ಕೂರಬೇಕು. ಗೇರ್‌ಬಾಕ್ಸ್ ಮೈಗೆ, ತೆಳು ಬಾಡಿ ಶೀಟಿಗೆ ಕೂರಿಸಿದ್ದನ್ನು ಮುಟ್ಟಲೇಬೇಡಿ. ನಾನು ಚಾಸಿಯಲ್ಲಿ ಕಂಪನಿಯೇ ಬಿಟ್ಟಿರುವ ತೂತು, ನಟ್‌ಗಳನ್ನಷ್ಟೇ ಬಳಸಿದೆ. ಹೊಸ ತೂತು ಕೊರೆಯಲಿಲ್ಲ, ಬೆಸುಗೆ ಹಾಕಲಿಲ್ಲ. ಚಾಸಿಯ ಬಲಕ್ಕೂ ಅದು ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಬದಲಾಯಿಸಬಾರದು ಅನ್ನುತ್ತದೆ. ಬಿಚ್ಚಿ ತೆಗೆದರೆ ಗಾಡಿ ಮೊದಲಿನಂತೆಯೇ ಇರಬೇಕು ಅನ್ನುವುದು ನನ್ನ ನಿಯಮ. ಮುಂದಿನ ಬಂಪರಿನ ಮೇಲಕ್ಕೆ ಪೈಪು ಚಾಚುವ ಸೆಟ್‌ಗಳನ್ನು ಇದೇ ಕಾರಣಕ್ಕೆ ಬಿಟ್ಟೆ. ಇಂಥ ಪೈಪಿನ ಬುಲ್ ಬಾರ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಹೇಳಿತ್ತು.

ಬೋಲ್ಟ್ ತರಲು ಎಸ್.ಜೆ.ಪಿ. ರಸ್ತೆಗೆ ಹೋದೆ. ಅಂಗಡಿಯವರು ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಮುಂದಿಟ್ಟರು. ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜವೇ. ಆದರೆ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟ್ 450 ಮೆಗಾಪ್ಯಾಸ್ಕಲ್ ಒತ್ತಡಕ್ಕೇ ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ತಲೆಯ ಮೇಲೆ 8.8 ಅಂತ ಬರೆದ ಉಕ್ಕಿನ ಬೋಲ್ಟ್ 640ರವರೆಗೆ ತಡೆಯುತ್ತದೆ. ಪೂರ್ತಿ ಗಾಡಿ ಕೂರುವ ಜಾಗಕ್ಕೆ 8.8 ಬೇಕು, ಜಿಂಕ್ ಲೇಪನ ಇರುವುದು. ಬೋಲ್ಟಿನ ತಲೆ ಪ್ಲೇಟಿನಿಂದ ಹೊರಗೆ ಚಾಚಿಕೊಂಡಿರಬಾರದು. ಒಂದೇ ಕಲ್ಲಿಗೆ ಸವೆದು ದುಂಡಗಾದರೆ ಆಮೇಲೆ ಪಾನಾ ಹಿಡಿಯುವುದಿಲ್ಲ. ಅಲೆನ್ ಕೀ ಹಾಕುವ, ಪೂರ್ತಿ ಒಳಗೆ ಕೂರುವ ಬೋಲ್ಟ್ ನೋಡಲು ಚಂದ. ಆದರೆ ಅದರ ಗುಂಡಿಯಲ್ಲಿ ನಮ್ಮ ಕೆಂಪು ಮಣ್ಣು ಹೋಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹಾಗಾಗಿ ಪ್ಲೇಟಿನಲ್ಲೇ ಬಟ್ಟಲಿನ ಹಾಗೆ ತಗ್ಗು ಒತ್ತಿಸಿ, ಅದರೊಳಗೆ ಸಾಮಾನ್ಯ ಆರು ಮೂಲೆಯ ಬೋಲ್ಟ್ ಕೂರಿಸಿದೆ. ಅಲ್ಯೂಮಿನಿಯಂ ಪ್ಲೇಟಿಗೆ ಉಕ್ಕಿನ ಬೋಲ್ಟ್ ನೇರ ತಾಗಿದರೆ ನೀರು ಸೇರಿದಾಗ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿನ ಸುತ್ತ ಕೂರುವ ನೈಲಾನ್ ಕೊಳವೆ (ಸ್ಲೀವ್) ಹಾಕಿ.

ಸದ್ದು ಬರಬಾರದು ಅಂತ ಕೆಲವರು ಪ್ಲೇಟು, ಚಾಸಿ ನಡುವೆ ಟ್ಯೂಬ್ ರಬ್ಬರ್ ಕತ್ತರಿಸಿ ಇಡುತ್ತಾರೆ. ರಬ್ಬರ್ ಕುಗ್ಗುತ್ತಾ ಹೋಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಪ್ಲೇಟು ಚಾಸಿಗೆ ಬಿಗಿಯಾಗಿ ಕೂತರೆ ಸದ್ದು ಬರುವುದೇ ಇಲ್ಲ.

ಪ್ಲೇಟುಗಳ ಜೋಡಣೆ ಹಂಚು ಹೊದಿಸಿದ ಹಾಗಿರಬೇಕು. ಮುಂದಿನ ಪ್ಲೇಟಿನ ಹಿಂದಿನ ಅಂಚು ಕೆಳಗೆ, ಅದರ ಮರೆಯಲ್ಲಿ, ಮೇಲ್ಗಡೆ, ಹಿಂದೆ ಬರುವ ಪ್ಲೇಟಿನ ಮುಂದಿನ ಅಂಚು. ಮುಂದೆ ಹೋಗುವಾಗ ಕಲ್ಲು ಸಿಕ್ಕಿಕೊಳ್ಳಲು ತೆರೆದ ಅಂಚೇ ಇರಬಾರದು. ನನ್ನ ಗಾಡಿಯಲ್ಲಿ ಎರಡರ ನಡುವೆ ಆಕ್ಸಲ್ ಬರುವುದರಿಂದ ಪೂರ್ತಿ ಮುಚ್ಚಲು ಆಗುವುದಿಲ್ಲ. ಅದಕ್ಕೇ ನಡುವಿನ ಪ್ಲೇಟಿನ ಮುಂದಿನ ಅಂಚನ್ನು ಮೇಲಕ್ಕೆ ಬಾಗಿಸಿದ್ದೇನೆ. ಹಿಂದಿನ ಅಂಚನ್ನೂ ಹಾಗೇ, ಯಾಕೆಂದರೆ ಹತ್ತಲಾಗದೆ ರಿವರ್ಸ್ ಬರುವುದು ಇದ್ದೇ ಇರುತ್ತದೆ. ಉದ್ದಕ್ಕೆ ಎರಡು ಏಣು ಒತ್ತಿಸಿದ್ದರಿಂದ ತೂಕ ಏರದೆ ಬಿಗಿ ಬಂತು.

ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಿದೆ, ಎಲ್ಲರಿಗೂ ಹೇಳುತ್ತೇನೆ. ಮಕ್ಕಳು ಆಡುವ ಕ್ಲೇ ತಂದು, ಪ್ಲೇಟಿಗೂ ಗೇರ್‌ಬಾಕ್ಸಿಗೂ ನಡುವೆ ಅಲ್ಲಲ್ಲಿ ಉಂಡೆ ಮಾಡಿ ಅಂಟಿಸಿದೆ. ಹಂಪ್‌ಗಳ ಮೇಲೆ, ಹಳ್ಳಗಳಲ್ಲಿ ಗಾಡಿ ಓಡಿಸಿ ಬಂದು ಬಿಚ್ಚಿ ನೋಡಿದೆ. ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಜಾಗ ಉಳಿದಿದೆ ಅಂತ ಅರ್ಥ. ಇಂಜಿನ್, ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕುಣಿಯುತ್ತವೆ, ಪ್ಲೇಟೂ ಪೆಟ್ಟಿಗೆ ಒಳಕ್ಕೆ ಬಗ್ಗುತ್ತದೆ. ನಿಂತ ಗಾಡಿಯಲ್ಲಿ ಕನಿಷ್ಠ 20ರಿಂದ 25 ಮಿ.ಮೀ. ಜಾಗ ಬೇಕು ಅಂತ ನನ್ನ ಅಂದಾಜು. ಒಂದು ಚಕ್ರ ಎತ್ತರಕ್ಕೆ ಹತ್ತಿಸಿ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲೂ ತಾಗುತ್ತಿಲ್ಲ ಅಂತಲೂ ನೋಡಿಕೊಂಡೆ.

ಬಿಸಿಯ ಬಗ್ಗೆ ಎಚ್ಚರ ಇರಲಿ. ಹೊಗೆ ಶುದ್ಧ ಮಾಡುವ, ತುಂಬಾ ಬಿಸಿಯಾಗುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಳಗೆ ಪ್ಲೇಟು ಮುಚ್ಚಿದರೆ ಒಣ ಹುಲ್ಲು ಅದರ ಮೇಲೆ ಸಿಕ್ಕಿಕೊಂಡು ಬೆಂಕಿ ಹತ್ತಬಹುದು. ಫೆಬ್ರವರಿಯಿಂದ ಮೇವರೆಗೆ ಮಾಗಡಿ ಕಡೆಯ ಬಯಲೆಲ್ಲ ಒಣ ಹುಲ್ಲೇ ಅಲ್ವಾ? ನಾನು ಆ ಭಾಗವನ್ನು ತೆರೆದೇ ಬಿಟ್ಟಿದ್ದೇನೆ. ಹುಲ್ಲಿನಲ್ಲಿ ಓಡಿಸಿದ ದಿನ ನಿಲ್ಲಿಸಿದಾಗಲೆಲ್ಲ ಬಗ್ಗಿ ನೋಡುತ್ತೇನೆ.

ಬಣ್ಣಕ್ಕೆ ಪೌಡರ್ ಕೋಟಿಂಗ್ ಬೇಡ ಅಂದೆ. ಕಲ್ಲಿಗೆ ಒಂದು ಕಡೆ ಚಕ್ಕೆ ಎದ್ದರೆ ಒಳಗೊಳಗೇ ತುಕ್ಕು ಹರಡುತ್ತದೆ, ಮೇಲೆ ಕಾಣುವುದಿಲ್ಲ. ಉಕ್ಕಿನ ಪ್ಲೇಟಿಗೆ ಜಿಂಕ್ ಪ್ರೈಮರ್, ಮೇಲೆ ಸಾಮಾನ್ಯ ಕಪ್ಪು ಎನಾಮಲ್. ಗೀಚಿದ ಕಡೆ ಬ್ರಷ್ ಹಿಡಿದು ಮನೆಯಲ್ಲೇ ಬಳಿಯುತ್ತೇನೆ.

ಡಿಫ್‌ಗಳಿಗೆ ಚಿಕ್ಕ ಉಕ್ಕಿನ ಗಾರ್ಡ್, ಹಿಂದಿನ ಆಕ್ಸಲ್ ಹಿಡಿದಿರುವ ಲೋವರ್ ಆರ್ಮ್ ಬ್ರಾಕೆಟ್‌ಗಳಿಗೆ ಜಾರುವ ಪಟ್ಟಿ. ಎಲ್ಲಾ ಸೇರಿ 30 ಕಿಲೋ ಒಳಗೆ ನಿಂತಿತು. ತಳದ ಉಳಿದ ಭಾಗಕ್ಕೆ ಏನೂ ಹಾಕಿಲ್ಲ, ಅಲ್ಲಿ ಗುರುತು ಬಿದ್ದಿರಲಿಲ್ಲ.

ಆಯಿಲ್ ಬದಲಾಯಿಸುವ ತೂತನ್ನು ಡ್ರೈನ್ ಬೋಲ್ಟಿನ ನೇರಕ್ಕೆ ಕತ್ತರಿಸಿ, ಸಾಕೆಟ್ ಸುಲಭವಾಗಿ ತಿರುಗುವಷ್ಟು ದೊಡ್ಡದು ಮಾಡಿಸಿ. ಹರಿಯುವ ಎಣ್ಣೆ ನೇರ ಕೆಳಗೆ ಬೀಳುವುದಿಲ್ಲ, ಓರೆಯಾಗಿ ಚಿಮ್ಮುತ್ತದೆ. ಅದಕ್ಕೂ ಜಾಗ ಬಿಡಿ. ಮಣ್ಣು ತೊಳೆಯಲು ಪೈಪಿನ ಮೂತಿ ಹೋಗುವಂಥ ತೂತು ಮೂಲೆಗಳಲ್ಲಿ ಬೇಕು. ಸರ್ವಿಸ್ ಮುಗಿಸಿ ಗಾಡಿ ಕೈಗೆ ಕೊಟ್ಟಾಗ ಹೊರಡುವ ಮೊದಲು ಕೆಳಗೆ ಬಗ್ಗಿ ಬೋಲ್ಟ್ ಎಣಿಸಿ. ಎಂ8 ಬೋಲ್ಟ್‌ಗಳನ್ನು 25 ಎನ್‌ಎಂಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಮಾಡಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.